ಧ್ವನಿಪಥಗಳ ನಡುವೆ ನಕಲು ಮತ್ತು ಸ್ಥಳಾಂತರ

ಧ್ವನಿಪಥಗಳ ನಡುವೆ ನಕಲು ಮತ್ತು ಸ್ಥಳಾಂತರ ಎಂಬುದು ಧ್ವನಿ ಸಂಪಾದನೆಯ ಮೂಲಭೂತ ಕ್ರಿಯೆಗಳಲ್ಲೊಂದು. ಗಣಕದ ಧ್ವನಿ ಸಂಪಾದನಾ ತಂತ್ರಾಂಶದಲ್ಲಿ ಒಂದು ಟ್ರ್ಯಾಕಿನ ಧ್ವನಿಭಾಗವನ್ನು ಇನ್ನೊಂದು ಟ್ರ್ಯಾಕಿಗೆ ಒಯ್ಯುವುದನ್ನು ಇದು ಸೂಚಿಸುತ್ತದೆ. ನಕಲಿನಲ್ಲಿ ಮೂಲಭಾಗವು ಇದ್ದಲ್ಲಿಯೇ ಉಳಿದು ಅದರ ಪ್ರತಿಯೊಂದು ಬೇರೆಡೆ ಸೇರುತ್ತದೆ. ಸ್ಥಳಾಂತರದಲ್ಲಿ ಮೂಲಸ್ಥಾನ ತೆರವಾಗುತ್ತದೆ. ಚಲನಚಿತ್ರ, ಆಕಾಶವಾಣಿ, ಸಂಗೀತ ಮುದ್ರಣ ಹಾಗೂ ಶ್ರವ್ಯಪುಸ್ತಕಗಳ ತಯಾರಿಕೆಯಲ್ಲಿ ಈ ಎರಡೂ ಕ್ರಿಯೆಗಳು ನಿತ್ಯ ಬಳಕೆಯಲ್ಲಿವೆ. ಜನಪದ ಹಾಡು, ಕಾವ್ಯ ಮತ್ತು ಕಥನಗಳ ಕ್ಷೇತ್ರಮುದ್ರಣದಲ್ಲಿ ಇವುಗಳಿಗೆ ವಿಶೇಷ ಮಹತ್ವವಿದೆ. ಅಲ್ಲಿ ಧ್ವನಿಮುದ್ರಣವು ಕೇಳುಗರ ರಂಜನೆಯ ವಸ್ತುವಾಗಿರುವಂತೆಯೇ ಮುಂದಿನವರು ಅಧ್ಯಯನಕ್ಕೆ ಆಧರಿಸುವ ದಾಖಲೆಯೂ ಆಗಿರುತ್ತದೆ.

ಪರಿಭಾಷೆ

ಧ್ವನಿಪಥ ಅಥವಾ ಟ್ರ್ಯಾಕ್ ಎಂದರೆ ಒಂದು ಧ್ವನಿಮೂಲಕ್ಕೆ ಮೀಸಲಾದ ಉದ್ದನೆಯ ಪಟ್ಟಿ. ಗಾಯಕರ ದನಿಗೆ ಒಂದು, ಹಿಮ್ಮೇಳಕ್ಕೆ ಒಂದು, ವಾದ್ಯಕ್ಕೆ ಒಂದು ಎಂಬಂತೆ ಹಲವು ಪಥಗಳು ತೆರೆಯ ಮೇಲೆ ಒಂದರ ಕೆಳಗೊಂದು ಕಾಣುತ್ತವೆ. ಎಲ್ಲವೂ ಒಂದೇ ಕಾಲರೇಖೆಯನ್ನು ಅನುಸರಿಸುತ್ತವೆ. ಎಡದಿಂದ ಬಲಕ್ಕೆ ಸಾಗಿದಂತೆ ಕಾಲ ಮುಂದುವರಿಯುತ್ತದೆ. ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯಲ್ಲಿರುವ ಧ್ವನಿಗಳೆಲ್ಲ ಒಂದೇ ಕ್ಷಣದಲ್ಲಿ ಕೇಳಿಬರುತ್ತವೆ. ಪಥದ ಮೇಲೆ ಪ್ರತ್ಯೇಕ ಗಡಿಗಳೊಡನೆ ಇರುವ ಧ್ವನಿಯ ತುಣುಕಿಗೆ ಕ್ಲಿಪ್ ಎಂದು ಹೆಸರು. ನಕಲು ಮಾಡಿದ ಅಥವಾ ಕತ್ತರಿಸಿದ ಭಾಗವು ತಾತ್ಕಾಲಿಕವಾಗಿ ನಿಲ್ಲುವ ಸ್ಥಳ ಕ್ಲಿಪ್‌ಬೋರ್ಡ್. ಎಲ್ಲ ಪಥಗಳನ್ನೂ ಕೂಡಿಸಿ ಒಂದೇ ಧ್ವನಿಯಾಗಿ ಮಾಡುವುದು ಮಿಶ್ರಣ.

ಇತಿಹಾಸ

ಗ್ರಾಮಫೋನ್ ತಟ್ಟೆಯ ಮೇಲೆ ಮೂಡಿದ ಧ್ವನಿಯನ್ನು ಕತ್ತರಿಸಿ ಜೋಡಿಸುವ ಅವಕಾಶವಿರಲಿಲ್ಲ. 1935ರಲ್ಲಿ ಜರ್ಮನಿಯ ಎಇಜಿ ಸಂಸ್ಥೆಯು ಮ್ಯಾಗ್ನೆಟೋಫೋನ್ ಎಂಬ ಯಂತ್ರವನ್ನು ಬರ್ಲಿನ್ ಪ್ರದರ್ಶನದಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಮುಂದೆ ಕಾಂತೀಯ ಫೀತೆಯ ಬಳಕೆ ಹರಡಿದಂತೆ ಧ್ವನಿ ಸಂಪಾದನೆಯು ಕೈಕೆಲಸವಾಯಿತು. ಸೆಕೆಂಡಿಗೆ 15 ಇಂಚು ವೇಗದಲ್ಲಿ ಓಡುವ ಫೀತೆಯಲ್ಲಿ ಒಂದು ಸೆಕೆಂಡಿನ ಧ್ವನಿ ಸುಮಾರು 38 ಸೆಂಟಿಮೀಟರ್ ಉದ್ದವಿರುತ್ತದೆ. ಸಂಪಾದಕರು ಬೇಕಾದ ಜಾಗವನ್ನು ಬಳಪದಿಂದ ಗುರುತಿಸಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿಯಿಂದ ಬೇರೆಡೆ ಜೋಡಿಸುತ್ತಿದ್ದರು.

ಫೀತೆಯ ಕಾಲದಲ್ಲಿ ಸ್ಥಳಾಂತರ ಸುಲಭವಾಗಿತ್ತು, ನಕಲು ಕಷ್ಟವಾಗಿತ್ತು. ಕತ್ತರಿಸಿದ ತುಂಡು ಮೂಲವೇ ಆಗಿದ್ದುದರಿಂದ ಅದನ್ನು ಒಯ್ದು ಅಂಟಿಸಿದರೆ ಸಾಕಾಗಿತ್ತು. ನಕಲಿಗೆ ಎರಡನೆಯ ಯಂತ್ರ ಬೇಕಿತ್ತು, ಪ್ರತಿಯೊಂದು ತಲೆಮಾರಿನ ನಕಲಿನಲ್ಲಿಯೂ ಫೀತೆಯ ಸಿಳ್ಳುಶಬ್ದ ಹೆಚ್ಚುತ್ತಿತ್ತು. ಬಹುಪಥ ಮುದ್ರಣ ಬಂದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಸಂಸ್ಥೆಯಿಂದ ಎಂಟು ಪಥಗಳ ಯಂತ್ರವನ್ನು ಪಡೆದರು. ಎಂಟು ಪಥಗಳೂ ಒಂದೇ ಫೀತೆಯ ಅಗಲದಲ್ಲಿದ್ದುದರಿಂದ ಒಂದು ಪಥವನ್ನು ಮಾತ್ರ ಕತ್ತರಿಸುವುದು ಸಾಧ್ಯವಿರಲಿಲ್ಲ. ಬ್ಲೇಡು ಹಾಕಿದರೆ ಎಲ್ಲವೂ ಕತ್ತರಿಸಿಹೋಗುತ್ತಿದ್ದವು. ಹೀಗಾಗಿ ಒಂದು ಪಥದ ಧ್ವನಿಯನ್ನು ನುಡಿಸುತ್ತಲೇ ಇನ್ನೊಂದು ಪಥಕ್ಕೆ ಮರುಮುದ್ರಿಸುವ ಪದ್ಧತಿ ಬೆಳೆಯಿತು.

1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಹೊರತಂದ ಕ್ಯಾಸೆಟ್ ಕ್ರಮೇಣ ಊರೂರನ್ನು ಮುಟ್ಟಿತು. ಕ್ಯಾಸೆಟ್ಟಿನ ಫೀತೆ ತೆಳುವಾದುದು, ಅದರ ಓಟ ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. ಇಷ್ಟು ಚಿಕ್ಕ ಅಳತೆಯಲ್ಲಿ ಬ್ಲೇಡಿನ ಸಂಪಾದನೆ ನಡೆಯುವಂತಿರಲಿಲ್ಲ. ಆದ್ದರಿಂದ ಕ್ಯಾಸೆಟ್ಟಿನಲ್ಲಿ ಸಂಗ್ರಹವಾದ ಹಾಡುಗಳು ಹಾಡಿದ ಕ್ರಮದಲ್ಲಿಯೇ, ಕೆಮ್ಮು, ಮಾತು, ಮೌನಗಳೊಂದಿಗೆ ಉಳಿಯುವುದು ಸಾಮಾನ್ಯವಾಗಿತ್ತು. ಇಂದಿನ ಅಧ್ಯಯನಕಾರರಿಗೆ ಇದು ಒಂದು ಲಾಭವೇ ಸರಿ.

ಗಣಕದ ಮೇಲಿನ ಸಂಪಾದನೆ ಈ ಲೆಕ್ಕವನ್ನು ತಿರುಗುಮುರುಗು ಮಾಡಿತು. ಡಿಜಿಡಿಸೈನ್ ಸಂಸ್ಥೆಯ ಪ್ರೊ ಟೂಲ್ಸ್ 1991ರಲ್ಲಿ ಬಂದಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಆರಂಭಿಸಿದ ಮುಕ್ತ ತಂತ್ರಾಂಶ ಆಡಾಸಿಟಿ 2000ದಲ್ಲಿ ಬಿಡುಗಡೆಯಾಯಿತು. ಪಾಲ್ ಡೇವಿಸ್ ರೂಪಿಸಿದ ಆರ್ಡರ್ ಇನ್ನೊಂದು ಮುಕ್ತ ತಂತ್ರಾಂಶ. ಸಂಖ್ಯೆಗಳ ರೂಪದಲ್ಲಿರುವ ಧ್ವನಿಯ ನಕಲು ಮೂಲಕ್ಕೆ ಸಂಪೂರ್ಣ ಸಮಾನವಾಗಿರುತ್ತದೆ; ಎಷ್ಟು ಬಾರಿ ನಕಲು ಮಾಡಿದರೂ ಅದು ಸವೆಯುವುದಿಲ್ಲ.

ಕ್ರಿಯೆಯ ಸ್ವರೂಪ

ಹೆಚ್ಚಿನ ತಂತ್ರಾಂಶಗಳಲ್ಲಿ ಕ್ಲಿಪ್ಪಿನ ನಕಲು ಮಾಡಿದಾಗ ಧ್ವನಿಯ ದತ್ತಾಂಶ ಎರಡು ಪಟ್ಟಾಗುವುದಿಲ್ಲ. ಈ ಕ್ಷಣದಲ್ಲಿ, ಈ ಪಥದಲ್ಲಿ, ಮೂಲಮುದ್ರಣದ ಇಂಥ ಭಾಗವನ್ನು ನುಡಿಸಬೇಕು ಎಂಬ ಸೂಚನೆ ಮಾತ್ರ ಹೊಸದಾಗಿ ಸೇರುತ್ತದೆ. ಇದನ್ನು ವಿನಾಶರಹಿತ ಸಂಪಾದನೆ ಎನ್ನಲಾಗುತ್ತದೆ.

ಕತ್ತರಿಸುವ ಕ್ರಿಯೆಯಲ್ಲಿ ಎರಡು ಬಗೆಗಳಿವೆ. ಸಾಮಾನ್ಯ ಕತ್ತರಿಕೆಯಲ್ಲಿ ತೆಗೆದ ಭಾಗದ ನಂತರದ ಧ್ವನಿ ಎಡಕ್ಕೆ ಸರಿದು ಖಾಲಿ ಜಾಗವನ್ನು ಮುಚ್ಚುತ್ತದೆ. ಬಿಡಿಸಿ ಕತ್ತರಿಸುವ ಬಗೆಯಲ್ಲಿ ಖಾಲಿ ಜಾಗ ಹಾಗೆಯೇ ಉಳಿಯುತ್ತದೆ, ಉಳಿದ ಧ್ವನಿ ಅಲುಗುವುದಿಲ್ಲ. ಒಂದೇ ಪಥವಿರುವಾಗ ಮೊದಲನೆಯದು ಅನುಕೂಲ. ಹಲವು ಪಥಗಳಿರುವಾಗ ಅದರಿಂದ ಕೆಡುಕೇ ಹೆಚ್ಚು: ಗಾಯಕರ ಪಥದಿಂದ ನಾಲ್ಕು ಸೆಕೆಂಡು ಕತ್ತರಿಸಿದರೆ ಅಲ್ಲಿಂದ ಮುಂದೆ ಹಾಡು ವಾದ್ಯಕ್ಕಿಂತ ನಾಲ್ಕು ಸೆಕೆಂಡು ಮೊದಲು ಓಡುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದು ತೀರ ಸಾಮಾನ್ಯವಾದುದು.

ಅಂಟಿಸುವಾಗಲೂ ಇದೇ ಎಚ್ಚರ ಬೇಕು. ಕರ್ಸರ್ ಒಂದು ಬಿಂದುವಿನಲ್ಲಿದ್ದರೆ ಅಂಟಿಸಿದ ಭಾಗ ಅಲ್ಲಿ ಸೇರಿಕೊಂಡು ಮುಂದಿನದನ್ನು ಬಲಕ್ಕೆ ತಳ್ಳಬಹುದು. ಒಂದು ಭಾಗವನ್ನು ಆಯ್ದುಕೊಂಡಿದ್ದರೆ ಆ ಭಾಗ ಅಳಿದು ಅದರ ಸ್ಥಾನದಲ್ಲಿ ಹೊಸದು ಬರುತ್ತದೆ.

ತಂತ್ರಾಂಶಗಳಲ್ಲಿ ವಿಧಾನಗಳು

ಆಡಾಸಿಟಿಯಲ್ಲಿ ನಕಲಿಗೆ ಕಂಟ್ರೋಲ್+ಸಿ, ಕತ್ತರಿಕೆಗೆ ಕಂಟ್ರೋಲ್+ಎಕ್ಸ್, ಅಂಟಿಸಲು ಕಂಟ್ರೋಲ್+ವಿ ಕೀಲಿಗಳು ಬಳಕೆಯಲ್ಲಿವೆ. ಖಾಲಿ ಜಾಗವನ್ನು ಉಳಿಸಿ ಕತ್ತರಿಸಲು ಕಂಟ್ರೋಲ್+ಆಲ್ಟ್+ಎಕ್ಸ್ ಇದೆ. ಕಾಲವನ್ನು ಕದಲಿಸದೆ ಬೇರೆ ಪಥಕ್ಕೆ ಒಯ್ಯಬೇಕಾದರೆ ಇವುಗಳಿಗಿಂತ ಸುರಕ್ಷಿತವಾದ ಎರಡು ಆಜ್ಞೆಗಳಿವೆ. ಬೇಕಾದ ಭಾಗವನ್ನು ಆಯ್ದು ಕಂಟ್ರೋಲ್+ಡಿ ಒತ್ತಿದರೆ ಅದರ ಪ್ರತಿಯು ಹೊಸ ಪಥವೊಂದರಲ್ಲಿ, ಅದೇ ಕಾಲಸ್ಥಾನದಲ್ಲಿ ಮೂಡುತ್ತದೆ. ಕಂಟ್ರೋಲ್+ಆಲ್ಟ್+ಐ ಒತ್ತಿದರೆ ಆ ಭಾಗವೇ ಹೊಸ ಪಥಕ್ಕೆ, ಅದೇ ಕಾಲಸ್ಥಾನಕ್ಕೆ ಸ್ಥಳಾಂತರಗೊಳ್ಳುತ್ತದೆ. ಮೊದಲನೆಯದು ನಕಲು, ಎರಡನೆಯದು ಸ್ಥಳಾಂತರ. ಎರಡರಲ್ಲಿಯೂ ಕರ್ಸರನ್ನು ಗುರಿಯಿಟ್ಟು ನಿಲ್ಲಿಸುವ ಕೆಲಸವಿಲ್ಲ.

ಕ್ಲಿಪ್ಪನ್ನು ಮೌಸಿನಿಂದ ಎಳೆದು ಇನ್ನೊಂದು ಪಥಕ್ಕೆ ಸೇರಿಸಲೂ ಬಹುದು. 2021ರಲ್ಲಿ ಬಂದ 3.1ನೆಯ ಆವೃತ್ತಿಯಿಂದ ಪ್ರತಿ ಕ್ಲಿಪ್ಪಿನ ಮೇಲೆ ಹಿಡಿಯೊಂದು ಕಾಣಿಸುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಉಪಕರಣವಿತ್ತು. ಸೇರಬೇಕಾದ ಪಥದಲ್ಲಿ ಕ್ಲಿಪ್ಪಿಗೆ ಸಾಲುವಷ್ಟು ಖಾಲಿ ಜಾಗವಿರಬೇಕು. ಆರ್ಡರ್ ತಂತ್ರಾಂಶದಲ್ಲಿ ಮೌಸಿನ ನಡುಗುಂಡಿಯಿಂದ ಎಳೆದರೆ ಕ್ಲಿಪ್ ಮೇಲೆ ಕೆಳಗೆ ಮಾತ್ರ ಚಲಿಸುತ್ತದೆ, ಕಾಲದಲ್ಲಿ ಸರಿಯುವುದಿಲ್ಲ. ಕಂಟ್ರೋಲ್ ಕೀಲಿಯನ್ನು ಹಿಡಿದು ಎಳೆದರೆ ಮೂಲ ಉಳಿದು ಪ್ರತಿ ಚಲಿಸುತ್ತದೆ. ರೀಪರ್ ತಂತ್ರಾಂಶದಲ್ಲಿಯೂ ಕಂಟ್ರೋಲ್ ಹಿಡಿದು ಎಳೆಯುವುದು ನಕಲಿನ ವಿಧಾನ.

ಆಡಾಸಿಟಿಯಲ್ಲಿ ಎರಡು ಯೋಜನೆಗಳನ್ನು ಏಕಕಾಲದಲ್ಲಿ ತೆರೆದು ಒಂದರಿಂದ ಇನ್ನೊಂದಕ್ಕೆ ನಕಲು ಮಾಡಬಹುದು. 2021ಕ್ಕೆ ಮುಂಚಿನ ಆವೃತ್ತಿಗಳು ಯೋಜನಾ ಕಡತದ ಜೊತೆಗೆ ದತ್ತಾಂಶದ ಪ್ರತ್ಯೇಕ ಕಡತಕೋಶವನ್ನು ರಚಿಸುತ್ತಿದ್ದವು. ಕಡತವನ್ನು ಮಾತ್ರ ಬೇರೆ ಗಣಕಕ್ಕೆ ಒಯ್ದು ಕೋಶವನ್ನು ಬಿಟ್ಟರೆ ಧ್ವನಿ ದೊರೆಯುತ್ತಿರಲಿಲ್ಲ. 3.0ನೆಯ ಆವೃತ್ತಿಯಿಂದ ಎಲ್ಲವೂ ಒಂದೇ ಕಡತದಲ್ಲಿ ಸೇರಿರುತ್ತವೆ. ಹಿಂದಿನ ಸ್ಥಿತಿಗೆ ಮರಳಲು ಕಂಟ್ರೋಲ್+ಝಡ್ ಇದೆಯಾದರೂ ಯೋಜನೆಯನ್ನು ಮುಚ್ಚಿದೊಡನೆ ಆ ಇತಿಹಾಸ ಅಳಿದುಹೋಗುತ್ತದೆ.

ಕಾಲದ ಹೊಂದಾಣಿಕೆ

ಒಂದೇ ಧ್ವನಿಯ ಎರಡು ಪ್ರತಿಗಳು ಎರಡು ಪಥಗಳಲ್ಲಿ ಒಂದೇ ಕ್ಷಣಕ್ಕೆ ನುಡಿದರೆ ಒಟ್ಟು ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ಪ್ರತಿ ಕೇವಲ 1 ಮಿಲಿಸೆಕೆಂಡ್ ಸರಿದರೆ 500 ಹರ್ಟ್ಸ್ ಕಂಪನದ ಅಂಶಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ದನಿಯು ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಧ್ವನಿಯು ಗಾಳಿಯಲ್ಲಿ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಗಾಯಕರಿಗೆ ಬೇರೆ ಬೇರೆ ದೂರದಲ್ಲಿದ್ದ ಎರಡು ಮೈಕ್‌ಗಳ ಮುದ್ರಣಗಳನ್ನು ಕೂಡಿಸಿದಾಗಲೂ ಇದೇ ದೋಷ ಕಾಣಿಸಿಕೊಳ್ಳಬಹುದು.

ಎರಡು ಪ್ರತ್ಯೇಕ ಮುದ್ರಣಯಂತ್ರಗಳ ಗಡಿಯಾರಗಳು ಪೂರ್ತಿ ಸಮನಾಗಿರುವುದಿಲ್ಲ. ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸವಿದ್ದರೆ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡಿನ ಅಂತರ ಬೀಳುತ್ತದೆ. ಮುದ್ರಣದ ಮೊದಲಲ್ಲಿ ಮತ್ತು ಕೊನೆಯಲ್ಲಿ ಒಮ್ಮೊಮ್ಮೆ ಚಪ್ಪಾಳೆ ತಟ್ಟುವುದು ಇದಕ್ಕೆ ಹಳೆಯ, ಖರ್ಚಿಲ್ಲದ ಉಪಾಯ. ತರಂಗರೂಪದಲ್ಲಿ ಎರಡು ಚಪ್ಪಾಳೆಗಳೂ ಮೊನಚಾಗಿ ಕಾಣುವುದರಿಂದ ಮೊದಲನೆಯದರಿಂದ ಪಥಗಳನ್ನು ಜೋಡಿಸಿ ಎರಡನೆಯದರಿಂದ ಅಂತರವನ್ನು ಅಳೆಯಬಹುದು.

ಸ್ಯಾಂಪಲ್ ದರದ ವ್ಯತ್ಯಾಸವನ್ನೂ ಗಮನಿಸಬೇಕು. ಸೆಕೆಂಡಿಗೆ 44,100 ಮಾದರಿಗಳ ಧ್ವನಿಯನ್ನು ಪರಿವರ್ತಿಸದೆ 48,000 ಎಂದು ನುಡಿಸಿದರೆ 10 ನಿಮಿಷದ ಹಾಡು 9 ನಿಮಿಷ 11 ಸೆಕೆಂಡುಗಳಲ್ಲಿ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಾಂತರದಷ್ಟು ಏರುತ್ತದೆ. ಹಾಡುಗಾರರ ದನಿಯನ್ನು ಬಲ್ಲವರು ಹತ್ತಿರವಿಲ್ಲದಿದ್ದರೆ ಈ ದೋಷ ಯಾರ ಗಮನಕ್ಕೂ ಬಾರದೆ ಉಳಿದುಬಿಡಬಹುದು.

ಜೋಡಣೆಯ ಅಂಚುಗಳು

ಕತ್ತರಿಸಿದ ಅಂಚಿನಲ್ಲಿ ತರಂಗ ಥಟ್ಟನೆ ಮುರಿದರೆ ಟಿಕ್ ಎಂಬ ಶಬ್ದ ಕೇಳುತ್ತದೆ. ತರಂಗವು ಶೂನ್ಯರೇಖೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸಿದರೆ ಇದು ತಗ್ಗುತ್ತದೆ. ಆಡಾಸಿಟಿಯಲ್ಲಿ ಝಡ್ ಕೀಲಿಯು ಆಯ್ಕೆಯ ಅಂಚುಗಳನ್ನು ಅಂಥ ಬಿಂದುಗಳಿಗೆ ಸರಿಸುತ್ತದೆ. ಒಂದು ಭಾಗ ಕುಗ್ಗುತ್ತಿರುವಂತೆಯೇ ಇನ್ನೊಂದು ಹಿಗ್ಗುವ ಕ್ರಾಸ್‌ಫೇಡ್ ಮತ್ತೊಂದು ಮಾರ್ಗ. ಫೀತೆಯನ್ನು ಓರೆಯಾಗಿ ಕತ್ತರಿಸುತ್ತಿದ್ದುದೂ ಇದೇ ಪರಿಣಾಮಕ್ಕಾಗಿ. ಹಾಡಿನಲ್ಲಿ ಉಸಿರು ತೆಗೆದುಕೊಳ್ಳುವ ಮುನ್ನಿನ ಜಾಗ ಕತ್ತರಿಕೆಗೆ ಯೋಗ್ಯ. ಉಸಿರಿನ ನಡುವೆ ಕತ್ತರಿಸಿದರೆ ತಾಂತ್ರಿಕ ದೋಷವಿಲ್ಲದಿದ್ದರೂ ಕಿವಿಗೆ ಅದು ಒಪ್ಪುವುದಿಲ್ಲ.

ಚಳ್ಳಕೆರೆ ಸೀಮೆಯ ಹಾಡುಗಳ ಸಂದರ್ಭ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮೌಖಿಕ ಕಾವ್ಯಕ್ಕೆ ಹೆಸರಾದ ಪ್ರದೇಶ. ಕಾಡುಗೊಲ್ಲರ ಜುಂಜಪ್ಪ ಮತ್ತು ಎತ್ತಪ್ಪ, ಮ್ಯಾಸನಾಯಕರ ಗಾದ್ರಿ ಪಾಲನಾಯಕ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳು ಇಲ್ಲಿ ಹಾಡಿನ ರೂಪದಲ್ಲಿ ಉಳಿದುಬಂದಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಗಾಯಕಿ. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಒಂದಿರುವ ಗ್ರಾಮ. ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿಗಳು, ಉರುಮೆಯ ನಾದ ಇವೆಲ್ಲ ಈ ಸಮುದಾಯದ ಆಚರಣೆಗಳ ಅಂಗಗಳು.

ನನ್ನಿವಾಳದಂಥ ಊರಿನಲ್ಲಿ ಮುಂದಾಳು ಗಾಯಕಿಗೆ ಒಂದು ಮೈಕ್, ಸೊಲ್ಲು ಹಿಡಿಯುವ ಹಿಮ್ಮೇಳಕ್ಕೆ ಒಂದು, ಉರುಮೆಗೆ ಒಂದು ಎಂದು ಮೂರು ಪಥಗಳಲ್ಲಿ ಹಾಡನ್ನು ಮುದ್ರಿಸಿದ ಸಂದರ್ಭವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಸಂಪಾದಕರ ಮುಂದೆ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಬರುತ್ತವೆ.

ಮೊದಲನೆಯದು, ಹಾಡುಗಳ ನಡುವಣ ಮಾತು. ಯಾವ ಪದ ಮುಂದೆ ಹಾಡಬೇಕೆಂಬ ಚರ್ಚೆ, ನೀರು ಕೇಳುವುದು, ಮಕ್ಕಳನ್ನು ಗದರುವುದು ಇವೆಲ್ಲ ಮುದ್ರಣದಲ್ಲಿ ಇರುತ್ತವೆ. ಇವನ್ನು ಅಳಿಸುವ ಬದಲು ಕಾಲಸ್ಥಾನ ಕೆಡದಂತೆ ಬೇರೆ ಪಥಕ್ಕೆ ಸ್ಥಳಾಂತರಿಸಿದರೆ ಹಾಡನ್ನು ಮಾತ್ರ ಕೇಳಬಯಸುವವರು ಆ ಪಥವನ್ನು ಮೌನಗೊಳಿಸಬಹುದು. ಹಾಡಿನ ಹೆಸರು, ಹಾಡುವ ಸಮಯ, ಯಾರಿಂದ ಕಲಿತದ್ದು ಎಂಬ ವಿವರಗಳು ಅನೇಕ ಸಲ ಈ ಮಾತಿನಲ್ಲಿಯೇ ದೊರೆಯುತ್ತವೆ.

ಎರಡನೆಯದು, ಹೊರಗಿನ ಸದ್ದು. ಮೂರನೆಯ ಪದದ ಸೊಲ್ಲಿನ ಮೇಲೆ ಟ್ರ್ಯಾಕ್ಟರ್ ಸದ್ದು ಬಿದ್ದಿದ್ದರೆ ಎರಡನೆಯ ಪದದ ಸೊಲ್ಲನ್ನು ನಕಲು ಮಾಡಿ ಅಲ್ಲಿ ಅಂಟಿಸುವ ಆಸೆ ಹುಟ್ಟುತ್ತದೆ. ಮಾತು ಒಂದೇ ತಾನೆ ಎಂಬುದು ಅದಕ್ಕೆ ಸಮರ್ಥನೆ. ಆದರೆ ಹಿಮ್ಮೇಳದ ಮೈಕಿನಲ್ಲಿ ಉರುಮೆಯ ನಾದವೂ ಬೆರೆತಿರುವುದರಿಂದ ಅಂಟಿಸಿದಲ್ಲಿ ಉರುಮೆ ಎರಡು ಸಲ ಬಡಿದಂತೆ ಕೇಳುತ್ತದೆ. ಹಾಡು ಮುಂದುವರಿದಂತೆ ಲಯ ಬಿಗಿಯಾಗುವುದರಿಂದ ಎರಡನೆಯ ಸೊಲ್ಲು ಮೂರನೆಯದರ ಜಾಗಕ್ಕೆ ಸರಿಯಾಗಿ ಕೂರುವುದೂ ಇಲ್ಲ. ತಾಂತ್ರಿಕವಾಗಿ ಹೊಂದಿದರೂ ಅದು ಆ ಹೊತ್ತಿನಲ್ಲಿ ಹಾಡದ ಸೊಲ್ಲು. ಸೊಲ್ಲು ಪದದಿಂದ ಪದಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಅರಸುವವರಿಗೆ ಅದು ಸುಳ್ಳು ಸಾಕ್ಷ್ಯವಾಗುತ್ತದೆ.

ಮೂರನೆಯದು, ಮರೆತು ನೆನೆದ ಪದ. ದೀರ್ಘ ಕಥನವನ್ನು ಹಾಡುವವರು ಒಂದು ಪದವನ್ನು ಬಿಟ್ಟು ಮುಂದೆ ಹೋಗಿ, ಬಳಿಕ ನೆನಪಾದಾಗ ಹಿಂದಿರುಗಿ ಅದನ್ನು ಹಾಡುವುದುಂಟು. ಕಥೆಯ ಕ್ರಮ ಸರಿಯಾಗಲೆಂದು ಸಂಪಾದಕರು ಆ ಪದವನ್ನು ಕತ್ತರಿಸಿ ಹಿಂದಿನ ಜಾಗಕ್ಕೆ ಸ್ಥಳಾಂತರಿಸಿದರೆ ಕೇಳಲು ಸುಗಮವಾದ ಹಾಡು ಸಿಗುತ್ತದೆ. ಆದರೆ ಯಾವ ಪದದ ಮೂಲಕ ಯಾವುದು ನೆನಪಿಗೆ ಬಂದಿತು ಎಂಬ ಮಾಹಿತಿ ಕಳೆದುಹೋಗುತ್ತದೆ. ಬರಹದ ನೆರವಿಲ್ಲದೆ ಸಾವಿರಾರು ಪದಗಳು ಹೇಗೆ ಉಳಿಯುತ್ತವೆ ಎಂಬ ಪ್ರಶ್ನೆಗೆ ಉತ್ತರದ ಒಂದು ಎಳೆ ಇಂಥ ಹಿಂದಿರುಗುವಿಕೆಯಲ್ಲಿಯೇ ಇರುತ್ತದೆ. ಅಲ್ಲದೆ ಸಂಪಾದಕರು ತಪ್ಪೆಂದು ಭಾವಿಸಿದ ಕ್ರಮವೇ ಆ ಹಟ್ಟಿಯ ರೂಢಿಯ ಕ್ರಮವಾಗಿರಲೂಬಹುದು. ಆದ್ದರಿಂದ ಇಂಥ ಕಡೆ ಸ್ಥಳಾಂತರವನ್ನು ಬಿಟ್ಟು ಕೇಳುಪ್ರತಿಗೆಂದು ಬೇರೆ ಯೋಜನೆಯಲ್ಲಿ ನಕಲು ಮಾಡಿ, ಹಾಗೆ ಮಾಡಿರುವುದನ್ನು ವಿವರಣೆಯಲ್ಲಿ ನಮೂದಿಸುವುದು ಯುಕ್ತ.

ಮೂಲಪ್ರತಿಯ ರಕ್ಷಣೆ

ಮೇಲಿನ ಕಾರಣಗಳಿಂದ ಕ್ಷೇತ್ರಮುದ್ರಣಕ್ಕೆ ಎರಡು ಪ್ರತಿಗಳನ್ನು ಇಟ್ಟುಕೊಳ್ಳಲಾಗುತ್ತದೆ: ಯಾವ ಬದಲಾವಣೆಯೂ ಇಲ್ಲದ ಸಂರಕ್ಷಣಾ ಪ್ರತಿ ಮತ್ತು ಸಂಪಾದಿಸಿದ ಕೇಳುಪ್ರತಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್ಎಯು ಸಂರಕ್ಷಣೆಗೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟವನ್ನು ಶಿಫಾರಸು ಮಾಡುತ್ತದೆ. ಈ ಗುಣಮಟ್ಟದಲ್ಲಿ ಒಂದು ಪಥದ ಒಂದು ಗಂಟೆಯ ಧ್ವನಿಗೆ ಸುಮಾರು 518 ಮೆಗಾಬೈಟ್ ಸ್ಥಳ ಬೇಕು. ಮೂರು ಪಥಗಳಿಗೆ ಒಂದೂವರೆ ಗಿಗಾಬೈಟಿಗಿಂತ ತುಸು ಹೆಚ್ಚು. ಸಂಕುಚಿತ ಎಂಪಿ3 ಕಡತವನ್ನು ಮತ್ತೆ ಮತ್ತೆ ತೆರೆದು ಸಂಪಾದಿಸಿ ಉಳಿಸಿದರೆ ಪ್ರತಿ ಬಾರಿಯೂ ಗುಣಮಟ್ಟ ಕುಸಿಯುತ್ತದೆ. ಆದ್ದರಿಂದ ಕೆಲಸವೆಲ್ಲ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ನಡೆಯಬೇಕು.

ನಕಲಿನ ಬೆಲೆಗೆ ಇದೇ ಸೀಮೆಯಲ್ಲಿ ಹಳೆಯ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನವನ್ನು ಮೂರು ಬಂಡೆಗಳ ಮೇಲೆ ಕೆತ್ತಲಾಗಿದೆ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಪಾಠ ಬಹಳಷ್ಟು ಸವೆದಿದ್ದರೂ ಉಳಿದೆರಡರ ನೆರವಿನಿಂದ ಅದರ ವಿಷಯ ತಿಳಿಯುತ್ತದೆ. ಒಂದೇ ಡಿಸ್ಕಿನಲ್ಲಿರುವ ಧ್ವನಿಕಡತಕ್ಕೆ ಇಂಥ ಆಸರೆಯಿಲ್ಲ. ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಗಳಿರಬೇಕು. ಅವುಗಳಲ್ಲಿ ಒಂದು ಹಾಡಿದವರ ಊರಿನಲ್ಲಿಯೂ ಇರುವುದು ಉಚಿತ.

ಕಾನೂನಿನ ಅಂಶ

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 38ನೆಯ ಪ್ರಕರಣವು ಗಾಯಕರು, ವಾದಕರು ಮೊದಲಾದ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ನೀಡುತ್ತದೆ. 2012ರ ತಿದ್ದುಪಡಿಯಿಂದ ಸೇರಿದ 38ಬಿ ಪ್ರಕರಣವು, ಪ್ರದರ್ಶಕರೆಂದು ಗುರುತಿಸಲ್ಪಡುವ ಹಕ್ಕನ್ನೂ ತಮ್ಮ ಕೀರ್ತಿಗೆ ಕುಂದು ತರುವಂತೆ ಪ್ರದರ್ಶನವನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನೂ ಅವರಿಗೆ ಕೊಟ್ಟಿದೆ. ಸಂಪಾದನೆಗಾಗಿ ಅಥವಾ ನಿಗದಿತ ಅವಧಿಗೆ ಹೊಂದಿಸಲು ಒಂದು ಭಾಗವನ್ನು ತೆಗೆದ ಮಾತ್ರಕ್ಕೆ ಅದು ಕೀರ್ತಿಗೆ ಕುಂದೆಂದು ಪರಿಗಣಿತವಾಗದು ಎಂದು ಅದೇ ಪ್ರಕರಣ ವಿವರಿಸುತ್ತದೆ. ಹಾಡದ ಕಡೆಗೆ ಹಾಡನ್ನು ಸೇರಿಸುವುದು ಈ ವಿವರಣೆಯಲ್ಲಿ ಹೆಸರಿಸಿರುವ ತೆಗೆದುಹಾಕುವಿಕೆಯಲ್ಲ. ಕೇಳುಪ್ರತಿಯನ್ನು ಪ್ರಕಟಿಸುವ ಮೊದಲು ಅದನ್ನು ಹಾಡಿದವರಿಗೆ ಕೇಳಿಸಿ ಒಪ್ಪಿಗೆ ಪಡೆಯುವುದು ಉತ್ತಮ ಪದ್ಧತಿ. ಜೋಡಣೆಯ ತಪ್ಪುಗಳನ್ನು ಮೊದಲು ಗುರುತಿಸಬಲ್ಲವರೂ ಅವರೇ.

ಇವನ್ನೂ ನೋಡಿ

ಧ್ವನಿಮುದ್ರಣ
ಆಡಾಸಿಟಿ
ಜನಪದ ಮಹಾಕಾವ್ಯ
ಸಿರಿಯಜ್ಜಿ
ಚಳ್ಳಕೆರೆ
ಬ್ರಹ್ಮಗಿರಿ ಶಾಸನ